ಬೀಗರ ಕಾಯಿ

ಕೂಡಿ ಆಡುವ ಮನೆ ಕೂಡಿ ಬಾಳುತ್ತದೆ ಎಂಬುದು ಹಿರಿಯರು ಕಂಡುಕೊಂಡ ಸತ್ಯ. ಆ ಹಿರಿಯರು ಮನೆಮಂದಿಯ ಜೊತೆ ಕೂತು ಒಂದು ಆಟವನ್ನೂ ಪೂರಾ ಆಡಿದವರಲ್ಲ ಎಂಬುದು ನಾನು ಕಂಡುಕೊಂಡ ಸತ್ಯ. ಆಡಿದ್ದರೆ ಅಷ್ಟು ನೆಮ್ಮದಿಯ ದನಿಯಲ್ಲಿ ಆ ಮಾತು ಹೇಳುತ್ತಿರಲಿಲ್ಲ.

ಈ ಸಲದ ಪಂಚಮಿಗೆ ಅಣ್ಣಿಗೇರಿಯ ನಮ್ಮ ಮನೆಯಲ್ಲಿ ಸೊಸೆ ಹೊಸ ಕಾನೂನು ತಂದಳು. ಸಂಜೆಯಾದ ಮೇಲೆ ಎಲ್ಲರ ಮೊಬೈಲೂ ಅಡುಗೆಮನೆಯ ಖಾಲಿ ಡಬ್ಬಿಯೊಳಗೆ ಬೀಳಬೇಕು, ಮನೆಯವರೆಲ್ಲ ಪಡಸಾಲೆಯಲ್ಲಿ ಕೂತು ಒಂದು ಆಟ ಆಡಬೇಕು. ಅದಕ್ಕೆಂದೇ ಒಂದು ದೊಡ್ಡ ಪೆಟ್ಟಿಗೆ ತರಿಸಿದ್ದಳು. ಅದರೊಳಗಿದ್ದ ನಿಯಮಗಳ ಪುಸ್ತಕ ಹತ್ತನೇ ಇಯತ್ತೆಯ ಗಣಿತದ ಪುಸ್ತಕಕ್ಕಿಂತ ದಪ್ಪ. ಆ ಗಣಿತವನ್ನೇ ಜೀವಮಾನವಿಡೀ ಕಲಿಸಿ ನಿವೃತ್ತನಾದ ನಾನು ಅದನ್ನು ಓದಲು ಒಪ್ಪಲಿಲ್ಲ. ಹೀಗಾಗಿ ಆ ಹಲಗೆಯ ಬೆನ್ನಿಗಿದ್ದ ಲೂಡೋ ಆಡಿದೆವು. ಬಾಗಿಲಾಚೆ ಮಳೆ ಹಿಡಿದಿತ್ತು; ಎರಿ ಮಣ್ಣು ನೆನೆದ ವಾಸನೆ ಒಳಗೆ ಬರುತ್ತಿತ್ತು. ನನ್ನ ಕೆಂಪು ಕಾಯಿಯೊಂದು ನಡುದಾರಿಯಲ್ಲಿ ದಿಕ್ಕಿಲ್ಲದೆ ನಿಂತಾಗ ಸೊಸೆಗೆ ಸರಿಯಾಗಿ ಅದನ್ನು ಹೊಡೆಯುವ ದಾಳ ಬಿತ್ತು. ಅವಳು ನಕ್ಕು, "ಇರ್ಲಿ ಬಿಡ್ರಿ ಮಾವಾರ, ನಿಮ್ಮ ಕಾಯಿ ನಾ ಹೊಡ್ಯಂಗಿಲ್ಲ" ಎಂದಳು.

"ಹೊಡಿ!" ಎಂದು ನಾನು ಕೂಗಿದೆ. "ಮೊದಲ ಹೊಡಿ! ಮಾತ ಆಮ್ಯಾಲ!"

ಮೊಮ್ಮಕ್ಕಳು ಹೆದರಿದವು. ನನ್ನ ಹೆಂಡತಿ ಒಳಗಿನಿಂದ, "ಬಿಪಿ ಗುಳಗಿ ತಗೊಂಡಾರೋ ಇಲ್ಲೋ ಕೇಳ" ಎಂದಳು. ಗುಳಿಗೆ ತೆಗೆದುಕೊಂಡಿದ್ದೆ. ನನ್ನ ಸಿಟ್ಟಿಗೆ ಕಾರಣವಾದದ್ದು ಕೆಲವು ವರ್ಷಗಳ ಹಿಂದೆ ತಿರ್ಲಾಪುರದಲ್ಲಿ ಕಳೆದ ಒಂದು ಶ್ರಾವಣ.

ತಿರ್ಲಾಪುರ ನನ್ನ ತಂಗಿ ಕಸ್ತೂರಿಯನ್ನು ಕೊಟ್ಟ ಊರು. ಅವಳ ಗಂಡ ಈರಪ್ಪ ಹತ್ತಿ, ಹೆಸರು, ಕಡಲೆ ಎಲ್ಲ ಬೆಳೆಯುತ್ತಾನೆ. ಮಾತನ್ನು ಮಾತ್ರ ಬೆಳೆಯುವುದಿಲ್ಲ. ಅವರ ಮಗಳು ಗಿರಿಜಾ ಆಗ ನವಲಗುಂದದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸದಲ್ಲಿದ್ದಳು. ದಿನಾ ಬಸ್ಸಿನಲ್ಲಿ ಹೋಗಿ, ತಾಲೂಕಿನ ಜನರ ತೋಳಿಗೆ ಸೂಜಿ ಚುಚ್ಚಿ, "ಏನೂ ಆಗಂಗಿಲ್ಲ, ಸುಮ್ಮ ಕುಂದರ್ರಿ" ಎಂದು ಹೇಳಿ ಬರುವ ಹುಡುಗಿ. ನೋಡಲು ಬಂದ ವರಗಳನ್ನೂ ಅದೇ ದನಿಯಲ್ಲಿ ಸಾಗಹಾಕುತ್ತಿದ್ದಳು. ಕಸ್ತೂರಿ ನನಗೆ ಫೋನ್ ಮಾಡಿ ಅಳುವುದು, ನಾನು ಸೋದರಮಾವನ ಗಾಂಭೀರ್ಯದಿಂದ ಇನ್ನೊಂದು ವರ ಹುಡುಕುವುದು, ಗಿರಿಜಾ ಅವನನ್ನೂ ಕಳಿಸುವುದು. ಇದು ನಮ್ಮ ಮನೆತನದ ಕಾಯಂ ಕಾರ್ಯಕ್ರಮವಾಗಿತ್ತು.

ಕೊನೆಗೆ ದುಮ್ಮವಾಡದ ಮಹಾಂತೇಶನ ಫೋಟೊ ಬಂತು. ಕರೆಂಟಿನ ಲೈನ್‌ಮನ್. ತಂದೆ ಚನ್ನಪ್ಪ ಭತ್ತ ಬೆಳೆಯುವ ಸಾವಕಾಶದ ಮನುಷ್ಯ, ತಾಯಿ ನೀಲವ್ವ ಆ ಮನೆಯ ನಿಜವಾದ ಯಜಮಾನಿ. ಫೋಟೊ ನೋಡಿದ ಗಿರಿಜಾ ಮೊದಲ ಬಾರಿಗೆ ಬೇಡ ಅನ್ನಲಿಲ್ಲ. ಅವರು ಮೂವರೂ ಕನ್ಯೆ ನೋಡಲು ಬಾಡಿಗೆ ಟಂಟಂ ರಿಕ್ಷಾ ಮಾಡಿಕೊಂಡು ತಿರ್ಲಾಪುರಕ್ಕೆ ಬಂದರು; ಸೋದರಮಾವನಾಗಿ ನಾನೂ ಅಲ್ಲಿದ್ದೆ. ಉಪ್ಪಿಟ್ಟು, ಶಿರಾ, ಚಹಾ ಎಲ್ಲ ಶಾಸ್ತ್ರೋಕ್ತವಾಗಿ ಮುಗಿಯಿತು. ಖಾಲಿ ತಾಟು ಎತ್ತಿಕೊಂಡು ಒಳಗೆ ಹೋದ ಗಿರಿಜಾ ನನ್ನನ್ನು ಅಡುಗೆಮನೆಗೆ ಕರೆದಳು.

"ಮಾಮಾ, ಇದು ಆಗ್ಲಿ."

"ಆಗ್ಲೆವ್ವಾ," ಎಂದೆ. ನನ್ನ ಎದೆ ತುಂಬಿ ಬಂತು.

"ಆದ್ರ ನೌಕರಿ ನಾ ಬಿಡಂಗಿಲ್ಲ. ಅದನ್ನ ನೀವ ಮಾತಾಡ್ರಿ. ಅದಕ್ಕ ಒಪ್ಪದಿದ್ರ ಇವನೂ ಬ್ಯಾಡ."

ತುಂಬಿದ ಎದೆ ಅಲ್ಲೇ ಇಳಿಯಿತು. ಏಕೆಂದರೆ ಹೆಣ್ಣಿನ ಕಡೆಯವರು ತಾವಾಗಿ ಕರಾರು ಹೇಳುವಂತಿಲ್ಲ, ಅದು ಸೊಕ್ಕು. ಗಂಡಿನ ಕಡೆಯವರು ಮೊದಲ ಭೇಟಿಯಲ್ಲೇ ನೌಕರಿ ಬಿಡುತ್ತಾಳೋ ಇಲ್ಲವೋ ಎಂದು ಕೇಳುವಂತಿಲ್ಲ, ಅದು ಒರಟುತನ. ಹೀಗಾಗಿ ಆ ಮಾತು ಪಡಸಾಲೆಯ ನಡುವೆ ಕೂತಿತ್ತು. ಎಲ್ಲರೂ ಅದರ ಸುತ್ತ ಹೋಗಿ ಮಳೆ, ಬೆಳೆ, ಬಸ್ಸಿನ ಟೈಮುಗಳ ಬಗ್ಗೆ ಮಾತಾಡುತ್ತಿದ್ದರು. ಇನ್ನೊಂದು ಪದ್ಧತಿಯೂ ಉಂಟು. ಕನ್ಯೆ ಒಪ್ಪಿಗೆಯೋ ಅಲ್ಲವೋ ಎಂಬುದನ್ನು ಅವಳ ಮನೆಯಲ್ಲಿ ಕೂತು ಹೇಳಬಾರದು. "ಮನೀಗೆ ಹೋಗಿ ತಿಳಸ್ತೀವಿ" ಎಂದು ಎದ್ದು, ತಮ್ಮ ಹೊಸ್ತಿಲು ದಾಟಿದ ಮೇಲೆಯೇ ಹೇಳಬೇಕು. ಚನ್ನಪ್ಪ ಆ ಮಾತನ್ನು ಅಗದಿ ಸರಿಯಾಗಿ ಹೇಳಿ, ರುಮಾಲು ಹೆಗಲಿಗೆ ಹಾಕಿಕೊಂಡು ಎದ್ದರು.

ಆಗ ಹಳ್ಳ ಬಂತು.

ಮೇಲೆಲ್ಲೋ ಬಿದ್ದ ಮಳೆ ಊರ ಮುಂದಿನ ಹಳ್ಳದಲ್ಲಿ ಕೆಂಪಗೆ ಉಕ್ಕಿ ರಸ್ತೆಯ ಮೇಲೆ ಹರಿಯಿತು. ಟಂಟಂ ಹುಡುಗ ಚಹಾ ಕುಡಿದು ಮೊದಲೇ ದಾಟಿಕೊಂಡಿದ್ದ. ಕರೆಂಟಿನ ಕಂಬವೊಂದು ಹೊಲದಲ್ಲಿ ಮಲಗಿತು. ಮೊಬೈಲುಗಳು ಒಂದೊಂದಾಗಿ ಕಣ್ಣು ಮುಚ್ಚಿದವು. ಕರೆಂಟಿನವನೇ ಅಳಿಯನಾಗಲು ಬಂದು ಕೂತ ಮನೆಯಲ್ಲಿ ಚಿಮಣಿ ದೀಪ ಹಚ್ಚಿದೆವು. ಓಣಿಯವರು ಬಂದು ಬಂದು ಮಹಾಂತೇಶನ ಮುಖ ನೋಡಿ ಹೋದರು. "ಇಂವನ ಏನ್ರಿ ಲೈನ್‌ಮನ್ನು? ನೋಡ್ರಿ ಮತ್ತ ಏನರ ಆಕ್ಕೈತೇನು" ಎನ್ನುತ್ತಿದ್ದರು. ಪಾಪ, ಅವನಿಗೆ ಕೈಕಾಲು ಆಡಿಸುವಂತಿರಲಿಲ್ಲ. ಈ ಊರು ಅವನ ಸರಹದ್ದಿನದಲ್ಲ.

ಹಳ್ಳ ಇಂದು ಇಳಿದೀತು, ನಾಳೆ ಇಳಿದೀತು ಎನ್ನುತ್ತ ದಿನಗಳು ಹೋದವು. ಬೀಗರೂ ಅಲ್ಲದ, ಪರಕೀಯರೂ ಅಲ್ಲದ ಮೂವರು ಮನೆಯಲ್ಲಿ. ಅವರ ಉಪಚಾರ ಹೇಗೆ ಮಾಡಬೇಕು ಎಂದು ಯಾವ ಹಿರಿಯರೂ ಹೇಳಿಟ್ಟಿರಲಿಲ್ಲ. ನಮ್ಮ ಕಡೆ ಒಪ್ಪಿಗೆಯಾಗುವ ಮೊದಲು ಸಿಹಿ ಊಟ ಹಾಕಿದರೆ ಕೊರಳಿಗೆ ಗಂಟು ಬಿದ್ದ ಹಾಗೆ. ಸಿಹಿ ಇಲ್ಲದ ಊಟ ಹಾಕಿದರೆ ಅವಮಾನ. ಕಸ್ತೂರಿ ಒಲೆಯ ಮುಂದೆ ಕೂತು ಬೆಲ್ಲದ ಡಬ್ಬಿ ತೆರೆಯುವುದು, ಮುಚ್ಚುವುದು ಮಾಡುತ್ತಿದ್ದಳು. ಕರೆಂಟಿಲ್ಲದೆ ಹಿಟ್ಟಿನ ಗಿರಣಿ ನಿಂತಿತ್ತು. ಜೋಳದ ಹಿಟ್ಟು ತಳ ಕಾಣುತ್ತಿತ್ತು. ಕಟಾವು ಮಾಡಿದ ಹೆಸರುಕಾಯಿ ಪಡಸಾಲೆಯ ಮೂಲೆಯಲ್ಲಿ ಮುಗ್ಗುತ್ತಿತ್ತು. ಈರಪ್ಪ ಅದನ್ನು ನೋಡುತ್ತಿದ್ದ, ಬೀಗರಾಗಬೇಕಾದವರನ್ನು ನೋಡುತ್ತಿದ್ದ, ನನ್ನನ್ನು ನೋಡುತ್ತಿದ್ದ.

ಇಂಥ ಹೊತ್ತಿನಲ್ಲಿ ನೀಲವ್ವ ಬಾಯಿ ಬಿಟ್ಟರು. "ಸುಮ್ಮ ಕುಂತು ಬ್ಯಾಸರ ಬಂತು ನೋಡ್ರಿ. ಚೌಕಾಬಾರಾ ಆಡೂಣೇನು?"

ಎಲ್ಲರಿಗೂ ಜೀವ ಬಂತು. ನಾನೇ ನೆಲದ ಫರಸಿ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಅಡ್ಡ ಐದು, ಉದ್ದ ಐದು ಮನೆ ಬರೆದೆ. ನಡುವಿನ ಮನೆಗೂ ನಾಲ್ಕು ಬದಿಯ ಮನೆಗಳಿಗೂ ಕತ್ತರಿ ಗುರುತು ಹಾಕಿದೆ. ದೇವರ ಜಗುಲಿಯಿಂದ ನಾಲ್ಕು ಕವಡಿ ಬಂದವು. ನೀಲವ್ವನವರಿಗೆ ಗೋವಿನಜೋಳದ ಕಾಳು, ಚನ್ನಪ್ಪನವರಿಗೆ ಅಂಗಿಯ ಗುಂಡಿ, ಈರಪ್ಪನಿಗೆ ಹುಣಸೆ ಬೀಜ, ಕಸ್ತೂರಿಗೆ ಬಳೆಚೂರು. ನಾನು ಪಂಚ, ಅಂದರೆ ತೀರ್ಪು ಹೇಳುವವನು. ನೀಲವ್ವ ಕವಡಿಗಳನ್ನು ಅಂಗೈಯಲ್ಲಿ ಹಿಡಿದು ಒಮ್ಮೆ ಕುಲುಕಿದ ರೀತಿಯಲ್ಲೇ ನನಗೆ ತಿಳಿಯಬೇಕಿತ್ತು: ಈ ಹೆಂಗಸು ಬೇಸರ ಕಳೆಯಲು ಆಡುವವರಲ್ಲ.

ಚೌಕಾಬಾರದ ಕಾಯಿದೆ ಎಲ್ಲರಿಗೂ ಗೊತ್ತು. ಕಾಯಿಗಳು ಮೊದಲು ಹೊರಸುತ್ತು ಹಾಕಬೇಕು, ಆಮೇಲೆ ಒಳಸುತ್ತು, ಕೊನೆಗೆ ನಡುಮನೆ ಸೇರಿ ಹಣ್ಣಾಗಬೇಕು. ಬೇರೆಯವರ ಕಾಯಿ ಇದ್ದ ಮನೆಗೆ ನಿಮ್ಮ ಕಾಯಿ ಬಂದರೆ ಅದನ್ನು ಕಡಿದ ಹಾಗೆ. ಅದು ಮೊದಲಿನಿಂದ ಹೊರಡಬೇಕು. ಕತ್ತರಿ ಗುರುತಿನ ಮನೆಯಲ್ಲಿದ್ದರೆ ಕಡಿಯುವಂತಿಲ್ಲ. ಮುಖ್ಯವಾದದ್ದು ಇದು: ಒಂದು ಕಾಯಿಯನ್ನಾದರೂ ಕಡಿಯದವರಿಗೆ ಒಳಸುತ್ತಿಗೆ ಪ್ರವೇಶವಿಲ್ಲ. ಕಡಿಯುವ ತನಕ ಹೊರಗೇ ಸುತ್ತುತ್ತಿರಬೇಕು.

ಬೀಗರಾಗಬೇಕಾದವರ ಕಾಯಿ ಯಾರು ಕಡಿಯಬೇಕು?

ಚನ್ನಪ್ಪನವರಿಗೆ ನಾಲ್ಕು ಬಿತ್ತು. ಗುಂಡಿಯಿಂದ ನಾಲ್ಕನೆಯ ಮನೆಯಲ್ಲಿ, ಕತ್ತರಿ ಗುರುತಿಲ್ಲದ ಕಡೆ, ಈರಪ್ಪನ ಹುಣಸೆ ಬೀಜ. ಚನ್ನಪ್ಪ ಗುಂಡಿಯನ್ನು ಮೂರು ಮನೆ ನಡೆಸಿ ನಿಲ್ಲಿಸಿದರು.

"ನಾಲ್ಕ ಬಿದ್ದಾವಲ್ರಿ," ಎಂದೆ.

"ಮೂರ್ರಿ ಮಾಸ್ತರ್ರ."

"ನಾಲ್ಕೂ ಅಂಗಾತ ಬಿದ್ದಾವು. ಚೌಕಾ!"

"ನಮ್ಮ ಕಡೆ ಮೂರ ಅಂತಾರ್ರಿ," ಎಂದರು ಚನ್ನಪ್ಪ, ದೇವರ ಮುಂದೆ ನಿಂತ ಮುಖ ಮಾಡಿ. ಈರಪ್ಪ ಕೃತಜ್ಞತೆಯಿಂದ ತಲೆಬಾಗಿದ. ಎಣಿಸುವುದನ್ನು ಕಲಿಸುವುದರಲ್ಲೇ ಕೂದಲು ಬಿಳಿ ಮಾಡಿಕೊಂಡ ನಾನು ಗೋಡೆ ನೋಡಿದೆ.

ಉಪಕಾರಕ್ಕೆ ಪ್ರತ್ಯುಪಕಾರ ಆಗಬೇಕಲ್ಲ. ಈರಪ್ಪ ತನ್ನ ಬೀಜವನ್ನು ಭದ್ರವಾದ ಕತ್ತರಿ ಮನೆಯಿಂದ ತೆಗೆದು ನೀಲವ್ವನವರ ಕಾಳಿನ ಮುಂದೆ, ಕೋಳಿಯ ಮುಂದೆ ನುಚ್ಚು ಚೆಲ್ಲಿದ ಹಾಗೆ ಇಟ್ಟ. ನೀಲವ್ವನವರಿಗೆ ಬೇಕಾದಷ್ಟೇ ಬಿತ್ತು. ಅವರ ಕೈ ಅರ್ಧ ದಾರಿ ಹೋಯಿತು. ಆಮೇಲೆ ಹಲ್ಲು ಕಚ್ಚಿ ಬೇರೆ ಕಾಯಿ ನಡೆಸಿದರು.

"ಕಡೀರಿ ಅಕ್ಕಾರ, ಕಡೀರಿ, ಆಟಾ ಅಲ್ಲೇನು!" ಎಂದಳು ಕಸ್ತೂರಿ.

"ಛೇ ಛೇ, ನಿಮ್ಮ ಮನೀ ಅನ್ನಾ ಉಂಡು ನಿಮ್ಮ ಕಾಯಿ ಹೆಂಗ ಕಡಿಯೂದ್ರಿ? ನೀವ ಕಡೀರಿ."

"ಅಯ್ಯ, ಬಂದವ್ರ ಕಾಯಿ ಕಡದ್ರ ದೇವ್ರು ಮೆಚ್ಚತಾನೇನ್ರಿ?"

ಹೀಗೆ ಕಾಯಿಗಳು ಸುತ್ತಿದವು. ಊಟಕ್ಕೆ ಎದ್ದರು, ಬಂದರು, ಸುತ್ತಿದವು. ಮರುದಿನವೂ ಸುತ್ತಿದವು. ಸೀಮೆಸುಣ್ಣ ಅಳಿಸಿ ನಾನು ಮತ್ತೆ ಗೆರೆ ಎಳೆದೆ. ಬಿಟ್ಟುಬಿಡೋಣ ಎಂದರೆ ಇಬ್ಬರು ಹೆಂಗಸರೂ ಒಟ್ಟಿಗೆ ಕಿವಿ ಮುಚ್ಚಿಕೊಂಡರು. ಕನ್ಯೆ ನೋಡಲು ಬಂದಾಗ ಹಿಡಿದ ಆಟ ಅರ್ಧಕ್ಕೆ ಬಿಟ್ಟರೆ ಸಂಬಂಧವೂ ಅರ್ಧಕ್ಕೆ ನಿಲ್ಲುತ್ತದಂತೆ. ಸರಿ, ಕಡಿಯದೇ ಒಳಗೆ ಹೋಗಬಹುದು ಎಂದು ಕಾಯಿದೆ ಬದಲಿಸೋಣ ಎಂದೆ. "ಅಣ್ಣಾ, ಹಿರೇರು ಮಾಡಿದ್ದನ್ನ ಬದಲಿ ಮಾಡಾಕ ನಾವ್ಯಾರು?" ಎಂದು ಕಸ್ತೂರಿ ನನ್ನನ್ನು ನಾಸ್ತಿಕನನ್ನು ನೋಡಿದ ಹಾಗೆ ನೋಡಿದಳು. ಕೊನೆಯ ಪ್ರಯತ್ನವಾಗಿ ಈರಪ್ಪನನ್ನು ಕಟ್ಟೆಯ ಮೇಲೆ ಕರೆದು ಹೇಳಿದೆ: "ನೀ ಅವ್ರನ್ನ ಕಡೀಬ್ಯಾಡಪಾ. ನಿನ್ನ ಹೆಂಡ್ತಿ ಕಾಯಿ ಕಡಿ. ಅವ್ರು ಅವ್ರವ್ರು ಕಡಕೊಳ್ಳಿ. ಆಟ ಮುಗೀತು!"

ಈರಪ್ಪ ಬಹಳ ಹೊತ್ತು ವಿಚಾರ ಮಾಡಿದ. "ಮಾಸ್ತರ್ರ," ಎಂದ, "ಬೀಗ್ರ ಮುಂದ ಹೆಂಡ್ತೀನ ಕಡದ್ರ, ಈ ಮನ್ಯಾಗ ಹೆಣ್ಮಕ್ಕಳಿಗೆ ಕಿಮ್ಮತ್ತಿಲ್ಲ ಅಂತ ತಿಳ್ಕೊಳ್ಳೂದಿಲ್ಲೇನ್ರಿ?"

ಅವನು ಆ ಶ್ರಾವಣದಲ್ಲಿ ಆಡಿದ ಅತಿ ಉದ್ದದ ಮಾತು ಅದು. ನಾನು ಕಟ್ಟೆಯಿಂದ ಇಳಿದು ಮತ್ತೆ ಸೀಮೆಸುಣ್ಣ ಹಿಡಿದೆ.

ಒಳಗೆ ಗಿರಿಜಾ ಬೇರೆ ಕಾಯುತ್ತಿದ್ದಳು. ನೀರಿಗೆಂದು ಹೋದಾಗಲೆಲ್ಲ ಒಂದೇ ಪ್ರಶ್ನೆ: "ಕೇಳಿದ್ರ್ಯಾ ಮಾಮಾ?"

"ಕೇಳೂಣು ತಡಿ, ಟೈಮ್ ಬರಬೇಕು."

"ಹಳ್ಳ ಇಳದ್ರ ಅವ್ರು ಹೋಗ್ತಾರ. ಮನೀಗೆ ಹೋಗಿ ತಿಳಸ್ತಾರ. ನೌಕರಿ ಬಿಟ್ರ ಮಾತ್ರ ಅಂತ ತಿಳಸಿದ್ರ ಆಗ ಏನ್ ಮಾಡ್ತೀರಿ? ಇಲ್ಲೇ ಮಾರಿ ನೋಡಿ ಮಾತಾಡಿದ್ರ ಒಪ್ಪಿಸಬಹುದು. ಫೋನಿನ್ಯಾಗ ಆಗಂಗಿಲ್ಲ."

ಹುಡುಗಿ ಹೇಳಿದ್ದು ಖರೆ. ನಾನು ನೀರು ಕುಡಿದು ಪಡಸಾಲೆಗೆ ಬಂದು ಚನ್ನಪ್ಪನವರ ಜೊತೆ ಭತ್ತದ ಗದ್ದೆಯ ಬಗ್ಗೆ ಮಾತಾಡಿದೆ.

ಅವತ್ತು ಮಧ್ಯಾಹ್ನ ಹಿಟ್ಟು ಪೂರ್ತಿ ಮುಗಿಯಿತು. ಪಕ್ಕದ ಮನೆಯ ಮಾಬೂಬಿ ಒಂದು ಪಾತ್ರೆ ಗೋಧಿ ಹಿಟ್ಟು ಕೊಟ್ಟು ಹೋದಳು. ಚಪಾತಿ ಲಟ್ಟಿಸಲು ಕಸ್ತೂರಿ ಏಳಬೇಕಾಯಿತು. ಆಟ ನಿಲ್ಲುವಂತಿಲ್ಲ. "ಗಿರಿಜಾ, ನನ್ನ ಪಾಳಿ ಆಡವಾ. ಸಮಾಧಾನಲೆ ಆಡ," ಎಂದಳು, 'ಸಮಾಧಾನ'ದ ಮೇಲೆ ಭಾರ ಹಾಕಿ. ಗಿರಿಜಾ ತಾಯಿಯ ಜಾಗದಲ್ಲಿ ಕೂತು ಕವಡಿ ಉರುಳಿಸಿದಳು. ಮೂರು ಬಿತ್ತು. ಬಳೆಚೂರು ಎತ್ತಿ ಎಣಿಸಿದಳು. ಮೂರನೆಯ ಮನೆಯಲ್ಲಿ ನೀಲವ್ವನವರ ಗೋವಿನಜೋಳದ ಕಾಳು.

ಈರಪ್ಪ ಕೆಮ್ಮಿದ. "ಎರಡ ಬಿದ್ದಾವ ನೋಡವಾ."

"ಮೂರ ಬಿದ್ದಾವಪ್ಪಾ."

ಕಾಳನ್ನು ಎತ್ತಿ ನೀಲವ್ವನವರ ಅಂಗೈಯಲ್ಲಿಟ್ಟಳು. "ಕಡದೆ ನೋಡ್ರಿ ಅವ್ವಾರ. ಕಡದದ್ದಕ್ಕ ಇನ್ನೊಂದ ಪಾಳಿ ನಂದು."

ಕಸ್ತೂರಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, "ಏನ್ ಮಾಡಿದಿ ಬೇ!" ಎಂದಳು. ಒಳಗೆ ಚಪಾತಿ ಹೊತ್ತಿದ ವಾಸನೆ ಬಂತು. ನೀಲವ್ವ ಅಂಗೈಯ ಕಾಳನ್ನು ನೋಡಿದರು, ಗಿರಿಜಾಳನ್ನು ನೋಡಿದರು. ಮುಗಿಯಿತು, ಹಳ್ಳ ಈಜಿಯಾದರೂ ಇವರು ಇಂದೇ ಹೋಗುತ್ತಾರೆ ಎಂದುಕೊಂಡೆ.

ನೀಲವ್ವ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದರು. "ಲಗೂನ ಆ ಪಾಳಿ ಆಡಿ ಕೊಡ ಇಲ್ಲೆ ಕವಡಿ."

"ನೀಲಾ, ಸ್ವಲ್ಪ…" ಎಂದರು ಚನ್ನಪ್ಪ.

"ನೀವ ಸುಮ್ಮ ಕುಂದರ್ರಿ. ನಾಲ್ಕ ಬಿದ್ರ ಮೂರಂತ! ನಮ್ಮ ಕಡೆ ಯಾರ ಹಂಗ ಅಂತಾರ್ರಿ? ಕೇಳಿ ಕೇಳಿ ನನ್ನ ತಲಿ ಕೆಟ್ಟು ಹೋಗೇತಿ."

ಆಮೇಲೆ ನಡೆದದ್ದನ್ನು ನಾನು ಆಟ ಎನ್ನುವುದಿಲ್ಲ. ನೀಲವ್ವ ಕವಡಿಯನ್ನು ಹೊಡೆದು ಹಾಕುತ್ತಿದ್ದರು. ಗಿರಿಜಾ ಸೂಜಿ ಹಿಡಿದ ಹಾಗೆ ಮೆಲ್ಲಗೆ ಉರುಳಿಸುತ್ತಿದ್ದಳು. ಗಂಡಸರ ಕಾಯಿಗಳು ಅಂಚಿನಲ್ಲಿ ದಾರಿ ಬಿಟ್ಟುಕೊಂಡು ಸುತ್ತುತ್ತಿದ್ದವು, ಜಗಳದ ಬೀದಿಯಲ್ಲಿ ಹೊರಟ ಮರ್ಯಾದಸ್ಥರಂತೆ. ನೀಲವ್ವ ಒಂದು ಬಳೆಚೂರನ್ನು ಕಡಿದು ಫರಸಿಯ ಮೇಲೆ ಟಣ್ ಎನ್ನುವಂತೆ ಬಿಸುಟರು.

"ತಗೋ! ನೌಕರಿ ಮಾಡೂ ಕೈ ಅಂತ ಸೊಕ್ಕ ಬ್ಯಾಡ."

"ಸೊಕ್ಕಲ್ರಿ ಅವ್ವಾರ, ರೂಢಿ."

"ಮದುವಿ ಆದಮ್ಯಾಲ ಆ ರೂಢಿ ಬಿಡಬೇಕಾಕ್ಕೈತಿ."

ಇಷ್ಟು ದಿನ ಯಾರೂ ಮುಟ್ಟದ ಮಾತು ಹೊರಗೆ ಬಿತ್ತು.

"ಬಿಡಂಗಿಲ್ರಿ," ಎಂದಳು ಗಿರಿಜಾ. ಅವಳ ದನಿ ಸಮವಾಗಿತ್ತು, ಕಿವಿ ಕೆಂಪಾಗಿತ್ತು. "ಪಾಳಿ ನಿಮ್ದು."

"ದುಮ್ಮವಾಡದಿಂದ ದಿನಾ ನವಲಗುಂದಕ್ಕ ಹಾರಿ ಹೋಗ್ತಿಯೇನು?"

"ಕಲಘಟಗ್ಯಾಗ ಲ್ಯಾಬ್ ಇಲ್ಲೇನ್ರಿ? ಆ ಕಡೆ ಮಂದೀಗೂ ರಕ್ತ ಇರತೈತಲ್ರಿ."

ಮೂಲೆಯಲ್ಲಿ ಹೆಸರುಕಾಯಿ ಸುಲಿಯುತ್ತಿದ್ದ ಮಹಾಂತೇಶ ನಕ್ಕುಬಿಟ್ಟ. ತಾಯಿ ತಿರುಗಿದರು. "ನಿನಗ ಗೊತ್ತಿತ್ತೇನೋ, ಈಕಿ ನೌಕರಿ ಬಿಡಂಗಿಲ್ಲ ಅಂತ?"

"ಗೊತ್ತಿತ್ತವಾ. ಮೊದಲ ದಿನಾನ ಹೇಳ್ಯಾಳ."

"ನಿಂದೇನು ಮತ್ತ?"

"ಮಾಡ್ಲಿ ಬಿಡು. ನಾನೂ ದಿನಾ ಕಂಬಾ ಹತ್ತಾಕ ಹೋಗ್ತೇನಿ."

"ಬಾಯಾಗ ಏನ ಇಟ್ಕೊಂಡಿದ್ದಿ ಇಷ್ಟ ದಿನಾ?"

"ಮನೀಗೆ ಹೋದಮ್ಯಾಲ ತಿಳಸೂಣು ಅಂತಿದ್ದೆ."

ಆ ಹುಡುಗನ ಕಪಾಳಕ್ಕೆ ಒಂದು ಬಿಡಬೇಕೆಂಬ ಆಸೆಯನ್ನು ನಾನು ಶಿಕ್ಷಕ ವೃತ್ತಿಯ ಸಂಸ್ಕಾರದಿಂದ ತಡೆದುಕೊಂಡೆ.

ನೀಲವ್ವ ಕವಡಿ ಎತ್ತಿ ಆಡಿದರು. ಗಿರಿಜಾ ಅವರನ್ನು ಇನ್ನೊಮ್ಮೆ ಕಡಿದಳು. ಅವರು ಇವಳನ್ನು ಕಡಿದರು. ಒಂದೊಂದಾಗಿ ಕಾಳುಗಳು ಹಣ್ಣಾದವು, ಬಳೆಚೂರುಗಳೂ ಹಣ್ಣಾದವು. ಸಂಜೆ ದೀಪ ಹಚ್ಚುವ ಹೊತ್ತಿಗೆ ಇಬ್ಬರದೂ ಒಂದೊಂದು ಕಾಯಿ ಒಳಸುತ್ತಿನಲ್ಲಿ ಉಳಿದಿತ್ತು. ಕಸ್ತೂರಿ ಕಂಬಕ್ಕೆ ಒರಗಿ ದೇವರ ಹೆಸರು ಹೇಳುತ್ತಿದ್ದಳು. ಮಗಳು ಗೆಲ್ಲಲೆಂದೋ ಸೋಲಲೆಂದೋ ಅವಳಿಗೇ ಗೊತ್ತಿರಲಿಕ್ಕಿಲ್ಲ. ನೀಲವ್ವನವರಿಗೆ ಬೇಕಾದ ಎರಡು ಬಿತ್ತು. ಕೊನೆಯ ಕಾಳನ್ನು ನಡುಮನೆಯಲ್ಲಿಟ್ಟು ಕಾಲು ಚಾಚಿ ಕೂತರು.

"ಬೇಕಂತ ಸೋತಿಯೇನು?" ಎಂದು ಗಿರಿಜಾಳನ್ನು ಕೇಳಿದರು, ಕಣ್ಣು ಸಣ್ಣ ಮಾಡಿ.

"ಇಲ್ರಿ. ಒಂದ ಬೇಕಿತ್ತು, ಬೀಳಲಿಲ್ಲ."

ನೀಲವ್ವ ಕವಡಿಗಳನ್ನು ಒಟ್ಟು ಮಾಡಿ ಅವಳ ಮುಂದಿಟ್ಟರು. "ಮನೀಗೆ ಹೋಗಿ ತಿಳಸೂದೇನು, ಇಲ್ಲೇ ಹೇಳ್ತೇನಿ. ನೌಕರಿ ಬಿಡಬ್ಯಾಡ. ಬಿಟ್ಟು ದಿನಾ ಮನ್ಯಾಗ ಕುಂತಿ ಅಂದ್ರ ನನ್ನ ಒಂದು ಕಾಯಿ ಉಳಿಸಂಗಿಲ್ಲ ನೀ."

ಗಿರಿಜಾ ಆಗ ಮಾತ್ರ ತಲೆ ತಗ್ಗಿಸಿದಳು. ಬಳೆಚೂರುಗಳನ್ನು ಒಟ್ಟು ಮಾಡುವ ನೆಪದಲ್ಲಿ ಬಹಳ ಹೊತ್ತು ಹಾಗೆಯೇ ಕೂತಿದ್ದಳು. ಕಸ್ತೂರಿ ಓಡಿಹೋಗಿ ಬೆಲ್ಲದ ಡಬ್ಬಿ ತೆರೆದ ಸದ್ದು ಕೇಳಿಸಿತು. ಚನ್ನಪ್ಪ ಮಾತ್ರ ಕಸಿವಿಸಿಗೊಂಡರು. "ಹಂಗ ಇಲ್ಲೇ ಹೇಳೂ ಪದ್ಧತಿ ಇಲ್ಲಲ್ಲ. ಮನೀಗೆ ಹೋಗಿ ತಿಳಸೂಣು."

"ತಿಳಸ್ರಿ ನೀವು. ನಾ ಹೇಳೇನಿ."

ಹಳ್ಳ ಇಳಿಯಿತು. ಟಂಟಂ ಬಂತು. ಅವರು ಹೊರಟರು, ಹೊರಡುವಾಗ ಚನ್ನಪ್ಪ ರುಮಾಲು ಹೆಗಲಿಗೆ ಹಾಕಿಕೊಂಡು, "ಮನೀಗೆ ಹೋಗಿ ತಿಳಸ್ತೀವ್ರಿ" ಎಂದರು. ಈರಪ್ಪ ಕೈಮುಗಿದು, "ಆಗ್ಲಿರಿ" ಎಂದ. ಕರೆಂಟು ಬಂದ ಮೇಲೆ ಫೋನ್ ಬಂತು. ಹುಡುಗಿ ಪಸಂದ ಇದ್ದಾಳೆ, ನೌಕರಿ ಮಾಡಲು ತಮ್ಮ ಅಭ್ಯಂತರವಿಲ್ಲ, ನೀವೂ ವಿಚಾರ ಮಾಡಿ ತಿಳಿಸಿ ಎಂದು ಚನ್ನಪ್ಪ ಮೊದಲ ಸಲ ಹೇಳುವವರ ಹಾಗೆ ಹೇಳಿದರು. ವಿಚಾರ ಮಾಡಿ ನಾಳೆ ತಿಳಿಸುತ್ತೇವೆ ಎಂದು ಕಸ್ತೂರಿ ಫೋನ್ ಇಟ್ಟಳು. ನಾನು ಅಣ್ಣಿಗೇರಿಯ ಬಸ್ಸು ಹಿಡಿದೆ.

ಕಾರ್ತಿಕದಲ್ಲಿ ಮದುವೆ ಆಯಿತು. ಗಿರಿಜಾ ಈಗ ಬೆಳಗಿನ ಬಸ್ಸಿಗೆ ಕಲಘಟಗಿಯ ಲ್ಯಾಬಿಗೆ ಹೋಗಿ ಸಂಜೆಯ ಬಸ್ಸಿಗೆ ದುಮ್ಮವಾಡಕ್ಕೆ ಬರುತ್ತಾಳೆ. ಅದಕ್ಕೇ ಈ ಪಂಚಮಿಗೆ ಸೊಸೆ ನನ್ನ ಕೆಂಪು ಕಾಯಿಯನ್ನು ಬಿಟ್ಟುಕೊಟ್ಟಾಗ ನಾನು ಹಾಗೆ ಕೂಗಿದ್ದು.